ಋತುಬಂಧದ ನಂತರದ ಯೋನಿ ಶುಷ್ಕತೆಗೆ ಲೇಸರ್: 90,000 ರೂಪಾಯಿ ಕಟ್ಟುವ ಮೊದಲು ಕೇಳುತ್ತಿದ್ದೇನೆ

ಸಂಪಿಗೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆಯನ್ನು ಯಾರ ಬಳಿ ಕೇಳಬೇಕೆಂದು ತಿಳಿಯದೆ ಎರಡು ವಾರ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ನನಗೆ 54 ವರ್ಷ. ಮುಟ್ಟು ನಿಂತು ಆರು ವರ್ಷವಾಯಿತು. ಮೈ ಬಿಸಿಯಾಗುವುದು, ರಾತ್ರಿ ಬೆವರುವುದು ಇವೆಲ್ಲ ಎರಡು ವರ್ಷದೊಳಗೆ ತಾವಾಗಿಯೇ ತಗ್ಗಿದವು. ಆದರೆ ಕೆಳಗಿನ ತೊಂದರೆ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಬಂದಿದೆ. ಒಳಗೆಲ್ಲ ಒಣಗಿ ಬಿಗಿದಂತೆ ಇರುತ್ತದೆ, ಸಂಜೆಯ ಹೊತ್ತಿಗೆ ಉರಿ ಶುರುವಾಗುತ್ತದೆ, ಸ್ವಲ್ಪ ದೂರ ನಡೆದರೂ ಬಟ್ಟೆ ತಾಗಿ ಸುಲಿದಂತಾಗುತ್ತದೆ. ಕಳೆದ ಒಂದು ವರ್ಷದಲ್ಲಿ ನಾಲ್ಕು ಬಾರಿ ಉರಿಮೂತ್ರವಾಗಿ ನಾಲ್ಕು ಬಾರಿಯೂ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೇನೆ. ದಾಂಪತ್ಯದ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ: ನೋವಿಗೆ ಹೆದರಿ ಒಂದೂವರೆ ವರ್ಷದಿಂದ ನಾನು ದೂರವೇ ಇದ್ದೇನೆ. ಯಜಮಾನರು ಒಂದು ಮಾತೂ ಆಡಿಲ್ಲ, ಆದರೆ ಆ ಮೌನವೇ ನನಗೆ ಭಾರವಾಗಿದೆ.

ಕಳೆದ ತಿಂಗಳು ಚರ್ಮದ ಚಿಕಿತ್ಸೆಯನ್ನೂ ಮಾಡುವ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿ ಇಪ್ಪತ್ತು ನಿಮಿಷ ಮಾತನಾಡಿಸಿ, ಲೇಸರ್ ಚಿಕಿತ್ಸೆಯ ಬಣ್ಣದ ಪುಸ್ತಿಕೆಯೊಂದನ್ನು ಕೈಗಿತ್ತರು. ತಿಂಗಳಿಗೊಂದರಂತೆ ಮೂರು ಸಲ, ಆಮೇಲೆ ವರ್ಷಕ್ಕೊಮ್ಮೆ. ನೋವಿಲ್ಲ, ಹಾರ್ಮೋನು ಇಲ್ಲ, ಅಂದೇ ಮನೆಗೆ ಹೋಗಿ ಅಡುಗೆ ಮಾಡಬಹುದು ಎಂದರು. ಮೂರು ಸಲಕ್ಕೆ 90,000 ರೂಪಾಯಿ, ತಿಂಗಳ ಕೊನೆಯೊಳಗೆ ಕಟ್ಟಿದರೆ ರಿಯಾಯಿತಿ. ಬ್ಯಾಂಕಿನಲ್ಲಿಟ್ಟ ಠೇವಣಿಯನ್ನು ಮುರಿಸಿದರೆ ಹಣವೇನೋ ಬರುತ್ತದೆ. ಆದರೆ ಮನೆಗೆ ಬಂದು ಯೋಚಿಸಿದಾಗ, ಅಲ್ಲಿ ಯಾರೂ ನನ್ನನ್ನು ಪರೀಕ್ಷೆಯೇ ಮಾಡಲಿಲ್ಲವೆಂಬುದು ನೆನಪಾಯಿತು. ಈವರೆಗೆ ಯಾವ ಔಷಧ ಹಚ್ಚಿದ್ದೀರಿ ಎಂದು ಕೂಡ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನು ಕೊಬ್ಬರಿ ಎಣ್ಣೆ ಬಿಟ್ಟರೆ ಬೇರೇನನ್ನೂ ಹಚ್ಚಿಲ್ಲ.

ಈ ಲೇಸರ್ ಮಾಡಿಸಿಕೊಂಡವರು ಯಾರಾದರೂ ಇಲ್ಲಿದ್ದರೆ ನಿಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ.

ಕನಕಾಂಬರ, ಬೆಂಗಳೂರು

ಸಂಪಿಗೆಯವರೇ, ನಾನು ಮಾಡಿಸಿಕೊಂಡಿದ್ದೇನೆ. ಆಗ ನನಗೆ 58, ಈಗ 60. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಪ್ಯಾಪ್ ಪರೀಕ್ಷೆಗೆ (ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪರೀಕ್ಷೆ) ಮಲಗಿಸುವಂತೆಯೇ ಮೇಜಿನ ಮೇಲೆ ಮಲಗಿಸುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪವಿರುವ ಉದ್ದನೆಯ ನಳಿಕೆಯೊಂದನ್ನು ಒಳಗೆ ಸೇರಿಸಿ, ಗಡಿಯಾರದ ಮುಳ್ಳಿನಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೊರಗೆಳೆಯುತ್ತ ಬರುತ್ತಾರೆ. ಪ್ರತಿ ಬಾರಿಯೂ ಟಿಕ್ ಎಂಬ ಶಬ್ದ, ಒಂದಿಷ್ಟು ಬಿಸಿ, ಸುಟ್ಟ ಕೂದಲಿನಂತಹ ನಸುವಾಸನೆ. ಹತ್ತು ನಿಮಿಷದಲ್ಲಿ ಮುಗಿಯಿತು. ಒಳಗಿನ ನೋವಿಗಿಂತ ಬಾಗಿಲ ಬಳಿ ನಳಿಕೆ ಸೇರಿಸುವಾಗಿನ ನೋವೇ ಹೆಚ್ಚು. ಎರಡು ದಿನ ನೀರಿನಂಥ ಸ್ರಾವವಿತ್ತು. ಒಂದು ವಾರ ದಾಂಪತ್ಯ ಬೇಡ ಎಂದಿದ್ದರು.

ಮೂರನೆಯ ಸಲ ಆದ ಮೇಲೆ ನಾಲ್ಕೈದು ತಿಂಗಳು ನಿಜಕ್ಕೂ ಹಗುರವಾಗಿತ್ತು. ಆಮೇಲೆ ಉರಿ ಮೆಲ್ಲಗೆ ಮರಳಿತು. ಅವರು ಮತ್ತೊಂದು ಸಲಕ್ಕೆ ಕರೆದರು, ನಾನು ಹೋಗಲಿಲ್ಲ. ಒಂದು ವಿಷಯ ಮಾತ್ರ ಇಂದಿಗೂ ನನಗೆ ಬಗೆಹರಿದಿಲ್ಲ. ಲೇಸರ್ ಜೊತೆಗೇ ಅವರು ವಾರಕ್ಕೆ ಮೂರು ರಾತ್ರಿ ಹಚ್ಚಿಕೊಳ್ಳಲು ಒಂದು ಜೆಲ್ ಕೊಟ್ಟಿದ್ದರು, ಸೋಪು ಬಿಡಿಸಿದ್ದರು. ಹಾಗಾಗಿ ನನಗೆ ಸುಖ ಕೊಟ್ಟದ್ದು ಲೇಸರ್ ಹೌದೋ ಅಲ್ಲವೋ ಎಂದು ಆಣೆ ಮಾಡಿ ಹೇಳಲಾರೆ.

ತುಂಬೆಹೂ, ದಾವಣಗೆರೆ

ನನ್ನ ಅತ್ತಿಗೆ ಮುಂಬಯಿಯಲ್ಲಿ ಮಾಡಿಸಿಕೊಂಡರು. ಎರಡು ವರ್ಷವಾಯಿತು, ಚೆನ್ನಾಗಿದ್ದಾರೆ. ಹಾರ್ಮೋನು ಹಚ್ಚಿ ಗರ್ಭಕೋಶಕ್ಕೆ ಏನಾದರೂ ಆಗುವುದಕ್ಕಿಂತ ಇದೇ ಮೇಲು ಎಂಬುದು ನಮ್ಮ ಮನೆಯವರೆಲ್ಲರ ಅಭಿಪ್ರಾಯ.

ಮಲೆನಾಡ ವೈದ್ಯೆ, ಶಿವಮೊಗ್ಗ

ನಾನು ಸ್ತ್ರೀರೋಗ ವೈದ್ಯೆ. ಸಂಪಿಗೆಯವರ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಪರೀಕ್ಷೆಯೇ ಮಾಡಲಿಲ್ಲ’ ಎಂಬ ಮಾತು. ಅಲ್ಲಿಂದಲೇ ಆರಂಭಿಸುತ್ತೇನೆ, ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಋತುಬಂಧದ ನಂತರ ಎಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಇಳಿದಾಗ ಯೋನಿಯ ಒಳಪದರ ತೆಳುವಾಗುತ್ತದೆ ಮತ್ತು ಅಲ್ಲಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಆ ಪದರದಲ್ಲಿದ್ದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುವುದರಿಂದ, ಅದನ್ನು ತಿಂದು ಹುಳಿಯ ವಾತಾವರಣವನ್ನು ಕಾಯ್ದುಕೊಳ್ಳುತ್ತಿದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಜೀವಾಣುಗಳೂ ಸೊರಗುತ್ತವೆ. ಮೊದಲು 4.5ಕ್ಕಿಂತ ಕೆಳಗಿದ್ದ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 5ನ್ನು ದಾಟುತ್ತದೆ. ಮೂತ್ರನಾಳ ಮತ್ತು ಮೂತ್ರಕೋಶದ ತಳಭಾಗವೂ ಎಸ್ಟ್ರೋಜನ್ನನ್ನೇ ನೆಚ್ಚಿಕೊಂಡಿರುವುದರಿಂದ ಶುಷ್ಕತೆ, ಉರಿಮೂತ್ರ, ಪದೇ ಪದೇ ಸೋಂಕು ಇವೆಲ್ಲ ಒಂದೇ ಬೇರಿನ ಕವಲುಗಳು. ಈ ಕಾರಣದಿಂದಲೇ 2014ರಲ್ಲಿ ಎರಡು ಅಂತರರಾಷ್ಟ್ರೀಯ ವೈದ್ಯ ಸಂಘಗಳು ಸೇರಿ ಇದಕ್ಕೆ ‘ಋತುಬಂಧದ ಜನನಾಂಗ–ಮೂತ್ರಾಂಗ ಲಕ್ಷಣಸಮೂಹ’ ಎಂಬ ಅರ್ಥದ ಹೊಸ ಹೆಸರನ್ನು ಕೊಟ್ಟವು. ಮೈ ಬಿಸಿಯಾಗುವುದು ತಾನಾಗಿ ತಗ್ಗುತ್ತದೆ, ಇದು ತಗ್ಗುವುದಿಲ್ಲ. ಸಂಪಿಗೆಯವರ ಅನುಭವ ಪಾಠಪುಸ್ತಕದಲ್ಲಿ ಬರೆದಂತೆಯೇ ಇದೆ.

ಹಾಗಿದ್ದರೂ ಉರಿ, ತುರಿಕೆ ಎಂದೊಡನೆ ಅದು ಶುಷ್ಕತೆಯೇ ಎಂದು ನೋಡದೆ ಹೇಳಲು ಬರುವುದಿಲ್ಲ. ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗದಲ್ಲಿ ಯೋನಿದ್ವಾರದ ಸುತ್ತ ಬೆಳ್ಳಗೆ, ತೆಳುವಾದ ಕಾಗದ ಮಡಿಸಿದಂತಹ ಕಲೆಗಳು ಏಳುತ್ತವೆ. ಅದಕ್ಕೆ ಬೇಕಾದದ್ದು ಸ್ಟಿರಾಯ್ಡ್ ಮುಲಾಮು. ಸಕ್ಕರೆ ಕಾಯಿಲೆಯವರಿಗೆ ಬೂಸ್ಟು ಸೋಂಕು ಸಾಮಾನ್ಯ. ಅದರಲ್ಲೂ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಆ ಸೋಂಕು ಮರಳಿ ಮರಳಿ ಬರಬಹುದು. ಇಂಥವರಿಗೆ ಲೇಸರ್ ಮಾಡಿದರೆ ಹಣವೂ ಹೋಯಿತು, ಕಾಲವೂ ಹೋಯಿತು, ಕಾಯಿಲೆ ಅಲ್ಲೇ ಉಳಿಯಿತು.

ಇನ್ನು ಲೇಸರ್ ವಿಷಯ. ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಎರ್ಬಿಯಂ ಎಂಬ ಇನ್ನೊಂದು ಬಗೆಯೂ ಇದೆ. ಒಳಪದರದ ಮೇಲೆ ಜರಡಿಯ ತೂತುಗಳಂತೆ ಸೂಕ್ಷ್ಮವಾದ ಸುಟ್ಟ ಚುಕ್ಕೆಗಳನ್ನು ಮೂಡಿಸಿದರೆ, ದೇಹ ಆ ಗಾಯಗಳನ್ನು ಮಾಯಿಸುವಾಗ ಅಂಗಾಂಶಕ್ಕೆ ಬಲ ಕೊಡುವ ಹೊಸ ಕೊಲಾಜನ್ನೂ ರಕ್ತನಾಳಗಳೂ ಹುಟ್ಟಿ ಪದರ ದಪ್ಪವಾಗುತ್ತದೆ ಎಂಬುದು ಇದರ ಹಿಂದಿನ ಕಲ್ಪನೆ. ಮುಖದ ಚರ್ಮಕ್ಕೆ ಬಳಸುತ್ತಿದ್ದ ವಿದ್ಯೆಯನ್ನೇ ಇಲ್ಲಿಗೆ ತಂದಿದ್ದಾರೆ. ಮೊದಮೊದಲ ಅಧ್ಯಯನಗಳೆಲ್ಲ ಲೇಸರ್ ಮಾಡಿಸಿಕೊಂಡವರನ್ನಷ್ಟೇ ‘ಮೊದಲಿಗಿಂತ ಹೇಗಿದೆ’ ಎಂದು ಕೇಳಿದವು, ಎಲ್ಲೆಡೆ ಒಳ್ಳೆಯ ಉತ್ತರವೇ ಬಂತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ ಇಂಥ ಉತ್ತರದ ತೂಕ ತಿಳಿಯುವುದಿಲ್ಲ. ಕನಕಾಂಬರ ಅವರನ್ನು ಕಾಡುತ್ತಿರುವುದೂ ಇದೇ ಪ್ರಶ್ನೆ.

ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಸಿಡ್ನಿಯ ವೈದ್ಯರು. ಅವರ ಅಧ್ಯಯನ 2021ರಲ್ಲಿ ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 90 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಲೇಸರ್, ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆಯನ್ನು ತಿಂಗಳಿಗೊಂದರಂತೆ ಮೂರು ಸಲ ಕೊಟ್ಟರು. ತನಗೆ ಯಾವುದು ಸಿಕ್ಕಿತೆಂದು ರೋಗಿಗೆ ತಿಳಿಯದು. ಒಂದು ವರ್ಷದ ಬಳಿಕ ಅಳೆದಾಗ, 100ರ ಅಳತೆಯಲ್ಲಿ ಲಕ್ಷಣಗಳು ಲೇಸರ್ ಗುಂಪಿನಲ್ಲಿ ಸರಾಸರಿ 17.2ರಷ್ಟು, ತೋರಿಕೆಯ ಗುಂಪಿನಲ್ಲಿ 26.6ರಷ್ಟು ತಗ್ಗಿದ್ದವು. ಎರಡರ ನಡುವಣ ಅಂತರ ಆಕಸ್ಮಿಕವೆನ್ನಬಹುದಾದಷ್ಟೇ. ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಲೇಸರ್ ಗುಂಪಿನ ಪದರ ಉತ್ತಮಗೊಂಡಿರಲಿಲ್ಲ. ನನ್ನ ಮಟ್ಟಿಗೆ ಈ ಕೊನೆಯ ಸಂಗತಿಯೇ ನಿರ್ಣಾಯಕ. ಅನಿಸಿಕೆಯನ್ನು ನಂಬಿಕೆ ಬದಲಿಸಬಹುದು, ಅಂಗಾಂಶದ ದಪ್ಪವನ್ನು ಬದಲಿಸಲಾರದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರ ಜುಲೈ 30ರಂದೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಈ ಯಂತ್ರಗಳಿಗೆ ಅಲ್ಲಿ ಸಿಕ್ಕಿದ್ದ ಅನುಮತಿ ನರುಳ್ಳೆ ಸುಡುವಂತಹ ಸಾಮಾನ್ಯ ಕೆಲಸಗಳಿಗೆ ಮಾತ್ರ, ಋತುಬಂಧದ ಲಕ್ಷಣಗಳಿಗಲ್ಲ. ಸುಟ್ಟಗಾಯ, ಕಲೆಗಟ್ಟುವಿಕೆ, ದಾಂಪತ್ಯದಲ್ಲಿ ನೋವು, ಬಹುಕಾಲ ಉಳಿಯುವ ನೋವು ವರದಿಯಾಗಿವೆ ಎಂದು ಆ ಸಂಸ್ಥೆ ಹೇಳಿತು. ‘ಎಫ್‌ಡಿಎ ಒಪ್ಪಿದ ಯಂತ್ರ’ ಎಂದು ಪುಸ್ತಿಕೆಯಲ್ಲಿ ಅಚ್ಚಾಗಿದ್ದರೆ ಯಾವ ಕೆಲಸಕ್ಕೆ ಒಪ್ಪಿದ್ದು ಎಂದು ಕೇಳಿ.

ತುಂಬೆಹೂ ಅವರ ಹಾರ್ಮೋನಿನ ಭಯಕ್ಕೂ ಉತ್ತರ ಕೊಡಬೇಕು. ಯೋನಿಯೊಳಗೆ ಹಚ್ಚುವ ಎಸ್ಟ್ರಿಯೋಲ್ (ಎಸ್ಟ್ರೋಜನ್ನಿನ ಒಂದು ಬಗೆ) ಕ್ರೀಮನ್ನು ನುಂಗುವ ಹಾರ್ಮೋನು ಮಾತ್ರೆಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇದರ ಪ್ರಮಾಣ ತೀರ ಕಡಿಮೆ, ರಕ್ತಕ್ಕೆ ಸೇರುವುದು ಅತ್ಯಲ್ಪ, ಆದ್ದರಿಂದ ಗರ್ಭಕೋಶದ ರಕ್ಷಣೆಗೆಂದು ಬೇರೆ ಮಾತ್ರೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಎರಡು ಮೂರು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆರಡು ರಾತ್ರಿ ಹಚ್ಚುವುದು ವಾಡಿಕೆ. ಪೂರ್ಣ ಫಲಕ್ಕೆ ಎರಡು ಮೂರು ತಿಂಗಳು ಕಾಯಬೇಕು. ಮೂತ್ರದ ಸೋಂಕಿನ ಮಟ್ಟಿಗಂತೂ ಸಾಕ್ಷ್ಯ ಹಳೆಯದು, ಗಟ್ಟಿಯಾದದ್ದು: 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ, 93 ಮಹಿಳೆಯರ ಅಧ್ಯಯನದಲ್ಲಿ ಎಸ್ಟ್ರಿಯೋಲ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸೋಂಕು, ಔಷಧವಿಲ್ಲದ ಬರಿಯ ಕ್ರೀಮ್ ಹಚ್ಚಿದವರಿಗೆ 5.9. ವರ್ಷಕ್ಕೆ ನಾಲ್ಕು ಸಲ ಆ್ಯಂಟಿಬಯೋಟಿಕ್ ನುಂಗಿದ ಸಂಪಿಗೆಯವರಿಗೆ ಇದನ್ನು ಈವರೆಗೆ ಯಾರೂ ಹೇಳದಿರುವುದು ನನಗೆ ನೋವಿನ ಸಂಗತಿ, ಏಕೆಂದರೆ ಹೇಳಬೇಕಾದವರು ನಮ್ಮ ವೃತ್ತಿಯವರೇ.

ಕನಕಾಂಬರ, ಬೆಂಗಳೂರು

ಡಾಕ್ಟರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಆದರೆ ಓದಿ ಮುಗಿಸಿದಾಗ ಒಂದು ಬಗೆಯ ಬೇಸರವೂ ಆಯಿತು. ಆ ನಾಲ್ಕೈದು ತಿಂಗಳು ನನಗೆ ಸಿಕ್ಕ ಸುಖ ಬರಿಯ ಭ್ರಮೆಯೇ?

ಮಲೆನಾಡ ವೈದ್ಯೆ, ಶಿವಮೊಗ್ಗ

ಖಂಡಿತ ಅಲ್ಲ ಕನಕಾಂಬರ ಅವರೇ. ನಿಮ್ಮ ಉರಿ ತಗ್ಗಿದ್ದು ನಿಜ. ಯಾವುದರಿಂದ ತಗ್ಗಿತು ಎಂಬುದಷ್ಟೇ ಪ್ರಶ್ನೆ. ಸೋಪು ಬಿಟ್ಟದ್ದು, ವಾರಕ್ಕೆ ಮೂರು ಸಲ ಜೆಲ್ ಹಚ್ಚಿದ್ದು, ಒಬ್ಬರು ಕೂತು ನಿಮ್ಮ ಕಷ್ಟವನ್ನು ಕೇಳಿದ್ದು, ಇವೆಲ್ಲಕ್ಕೂ ಫಲವಿದೆ. ಸಿಡ್ನಿಯಲ್ಲಿ ತೋರಿಕೆಯ ಗುಂಪಿನವರಿಗೂ ಆರಾಮವಾಯಿತಲ್ಲ, ಅದೂ ನಿಜವಾದ ಆರಾಮವೇ.

ಸಾಕ್ಷ್ಯವೆಲ್ಲ ಒಂದೇ ಕಡೆಗಿದೆ ಎಂದೂ ನಾನು ಹೇಳುವುದಿಲ್ಲ. 2021ರಲ್ಲೇ ಇಟಲಿ ಮತ್ತು ಗ್ರೀಸ್ ದೇಶಗಳ ವೈದ್ಯರು 58 ಮಹಿಳೆಯರ ಮೇಲೆ ನಡೆಸಿದ, ತೋರಿಕೆಯ ಗುಂಪೂ ಇದ್ದ ಅಧ್ಯಯನದಲ್ಲಿ ಲೇಸರ್ ಗುಂಪಿಗೆ ಹೆಚ್ಚು ಗುಣ ಕಂಡಿತು. ಆದರೆ ಅದು ಕೆಲವೇ ತಿಂಗಳುಗಳ ಲೆಕ್ಕ. ಅಮೆರಿಕದಲ್ಲಿ 69 ಮಹಿಳೆಯರಲ್ಲಿ ಲೇಸರ್ ಮತ್ತು ಎಸ್ಟ್ರೋಜನ್ ಕ್ರೀಮನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳಿಗೆ ಎರಡೂ ಹೆಚ್ಚು ಕಡಿಮೆ ಸಮನಾಗಿದ್ದವು. ಅಲ್ಲಿ ತೋರಿಕೆಯ ಗುಂಪು ಇರಲಿಲ್ಲ. ಇವನ್ನೆಲ್ಲ ತೂಗಿ ನೋಡಿಯೇ ಚಿಕಿತ್ಸೆಗಳ ಬಗ್ಗೆ ಮಾರ್ಗದರ್ಶನ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2021ರಲ್ಲಿ, ಈ ಲೇಸರನ್ನು ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ಬಳಸಬೇಕೆಂದು ಹೇಳಿತು. ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಯಾರೂ ರಿಯಾಯಿತಿ ದರದಲ್ಲಿ ಹಣ ಕಟ್ಟಿಸಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಿ.

ನಂದಿಬಟ್ಟಲು, ಹುಬ್ಬಳ್ಳಿ

ಡಾಕ್ಟರೇ, ನನ್ನದು ಬೇರೆಯೇ ಸ್ಥಿತಿ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಈಗ ಲೆಟ್ರೋಜೋಲ್ ಮಾತ್ರೆ ನುಂಗುತ್ತಿದ್ದೇನೆ. ಮಾತ್ರೆ ಶುರುವಾದ ಮೇಲೆ ಶುಷ್ಕತೆ ಎಷ್ಟಾಗಿದೆಯೆಂದರೆ ಮೂತ್ರ ಮಾಡಿ ತೊಳೆದುಕೊಂಡ ನೀರು ಕೂಡ ಉರಿಯುತ್ತದೆ. ಎಸ್ಟ್ರೋಜನ್ ಮುಟ್ಟಲೇಬಾರದು ಎಂದು ನಮ್ಮ ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಹಾಗಾದರೆ ನಮ್ಮಂಥವರಿಗೆ ಲೇಸರ್ ಒಂದೇ ದಾರಿಯಲ್ಲವೇ? ನನಗೂ ಒಬ್ಬರು ಹಾಗೆಂದೇ ಹೇಳಿದರು.

ಮಲೆನಾಡ ವೈದ್ಯೆ, ಶಿವಮೊಗ್ಗ

ನಂದಿಬಟ್ಟಲು ಅವರೇ, ಲೇಸರ್ ಬಗ್ಗೆ ಎಲ್ಲರೂ ಹೆಚ್ಚು ಆಸೆ ಇಟ್ಟುಕೊಂಡದ್ದು ನಿಮ್ಮಂಥವರಿಗಾಗಿಯೇ. ನಾನೂ ಇಟ್ಟುಕೊಂಡಿದ್ದೆ. ಬಾರ್ಸಿಲೋನಾದಲ್ಲಿ, ನಿಮ್ಮ ಹಾಗೆಯೇ ಎಸ್ಟ್ರೋಜನ್ ತಡೆಯುವ ಮಾತ್ರೆ ನುಂಗುತ್ತಿದ್ದ 72 ಮಹಿಳೆಯರಿಗೆ ಐದು ಸಲ ಲೇಸರ್ ಅಥವಾ ತೋರಿಕೆಯ ಚಿಕಿತ್ಸೆ ಕೊಟ್ಟು ನೋಡಿದರು. ಫಲಿತಾಂಶ 2023ರಲ್ಲಿ ಬಂತು. ಎರಡೂ ಗುಂಪಿನವರು ಸುಧಾರಿಸಿದರು, ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿಗೆ ತೇವ ಕಾಯುವ ಕ್ರೀಮೂ ಇತರ ಆರೈಕೆಯೂ ಸಿಕ್ಕಿದ್ದವು. ಆ ಆರೈಕೆಯಲ್ಲೇ ನಿಮ್ಮ ದಾರಿ ಆರಂಭವಾಗುತ್ತದೆ.

ತೇವ ಕಾಯುವ ಜೆಲ್ ಬೇರೆ, ದಾಂಪತ್ಯದ ಹೊತ್ತಿಗಷ್ಟೇ ಹಚ್ಚುವ ಜಾರು ಜೆಲ್ ಬೇರೆ. ಮೊದಲನೆಯದನ್ನು ಎರಡು ಮೂರು ದಿನಕ್ಕೊಮ್ಮೆ, ತೊಂದರೆ ಇದ್ದರೂ ಇಲ್ಲದಿದ್ದರೂ, ತಿಂಗಳುಗಟ್ಟಲೆ ಹಚ್ಚಬೇಕು. ಹೈಯಲುರಾನಿಕ್ ಆಮ್ಲವಿರುವುದು ಒಳ್ಳೆಯದು. ಸುವಾಸನೆ ಇರುವುದನ್ನೂ ಬಿಸಿ ತಾಗಿದಂತೆ ಅನಿಸುವುದನ್ನೂ ತರಬೇಡಿ. ಒಳಭಾಗಕ್ಕೆ ಸೋಪು, ಡೆಟಾಲ್ ನೀರು, ಅರಿಸಿನ ಯಾವುದೂ ಬೇಡ, ಬರಿಯ ನೀರು ಸಾಕು. ನೋವು ಯೋನಿದ್ವಾರದಲ್ಲೇ ಹೆಚ್ಚಾಗಿದ್ದರೆ ಮರಗಟ್ಟಿಸುವ ಲಿಗ್ನೋಕೇನ್ ದ್ರಾವಣವನ್ನು ಹತ್ತಿಯಲ್ಲಿ ಒತ್ತಿಡುವ ಕ್ರಮವಿದೆ, ಅದನ್ನು ವೈದ್ಯರಿಂದ ಕಲಿತುಕೊಳ್ಳಿ.

ಇಷ್ಟಕ್ಕೂ ತಗ್ಗದಿದ್ದರೆ ನಿಮ್ಮ ಕ್ಯಾನ್ಸರ್ ತಜ್ಞರೊಂದಿಗೆ ಇನ್ನೊಮ್ಮೆ ಕೂತು ಮಾತನಾಡಿ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಸ್ತನ ಕ್ಯಾನ್ಸರಿನ 49,237 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ 2023ರ ಅಧ್ಯಯನದಲ್ಲಿ, ಯೋನಿಯ ಎಸ್ಟ್ರೋಜನ್ ಬಳಸಿದವರಲ್ಲಿ ಆ ಕಾಯಿಲೆಯಿಂದ ಸಾಯುವವರ ಪ್ರಮಾಣ ಹೆಚ್ಚಲಿಲ್ಲ. ಆದರೆ ಡೆನ್ಮಾರ್ಕಿನ 2022ರ ಅಧ್ಯಯನದಲ್ಲಿ, ಲೆಟ್ರೋಜೋಲ್‌ನಂತಹ ಮಾತ್ರೆಯ ಜೊತೆಗೆ ಬಳಸಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚಾಗಿ ಕಂಡಿತು. ನೀವು ಇರುವುದು ಸರಿಯಾಗಿ ಆ ಗುಂಪಿನಲ್ಲೇ. ಆದ್ದರಿಂದ ನಿಮ್ಮ ಡಾಕ್ಟರ ಎಚ್ಚರಿಕೆಗೆ ಆಧಾರವಿದೆ. ಮಾತ್ರೆಯನ್ನೇ ಬದಲಿಸಬಹುದೇ ಎಂಬುದು ಅವರೂ ನೀವೂ ಸೇರಿ ತೀರ್ಮಾನಿಸಬೇಕಾದ ವಿಷಯ. ದಯವಿಟ್ಟು ಉರಿಯ ಬೇಸರಕ್ಕೆ ಲೆಟ್ರೋಜೋಲನ್ನು ನೀವಾಗಿ ನಿಲ್ಲಿಸಬೇಡಿ.

ಸುರಗಿ, ಇಂಗ್ಲೆಂಡ್

ಇಲ್ಲಿನ ಒಂದು ಸಂಗತಿಯನ್ನು ಸೇರಿಸುತ್ತೇನೆ. 2022ರಿಂದ, 50 ವರ್ಷ ದಾಟಿ ಮುಟ್ಟು ನಿಂತು ಒಂದು ವರ್ಷವಾದ ಮಹಿಳೆಯರಿಗೆ, ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂ ಎಸ್ಟ್ರಡಿಯೋಲ್ (ಇದೂ ಎಸ್ಟ್ರೋಜನ್ನಿನ ಒಂದು ಬಗೆ) ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲೇ ಕೊಡುತ್ತಿದ್ದಾರೆ. ಔಷಧಿ ಅಂಗಡಿಯವರು ಮೊದಲು ಪ್ರಶ್ನೆಗಳನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಮೈಸೂರಿನಲ್ಲಿರುವ ನಮ್ಮ ತಾಯಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ನನಗೂ ಹದಿನೈದು ವರ್ಷದಿಂದ ಇದೆಯಮ್ಮ’ ಎಂದರು. ಅದುವರೆಗೆ ಅವರು ಯಾರಿಗೂ ಹೇಳಿರಲಿಲ್ಲ.

ಸಂಪಿಗೆ, ಮೈಸೂರು (ಹತ್ತು ವಾರಗಳ ನಂತರ)

ಉತ್ತರ ಕೊಟ್ಟ ನಿಮಗೆಲ್ಲ ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಕ್ಲಿನಿಕ್ಕಿನವರು ಮೂರು ಸಲ ಫೋನ್ ಮಾಡಿದರು. ಪರೀಕ್ಷೆ ಆಗುವವರೆಗೆ ಹಣ ಕಟ್ಟುವುದಿಲ್ಲ ಎಂದು ಹೇಳಿದೆ. ಆಮೇಲೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಸಾಲು ಉದ್ದವಿತ್ತು, ಎರಡೂವರೆ ಗಂಟೆ ಕಾದೆ. ಒಳಗಿದ್ದವರು ನನ್ನ ಮಗಳ ವಯಸ್ಸಿನ ವೈದ್ಯೆ. ಒಳಗೆ ನೋಡಲು ಬಳಸುವ ಚಿಕ್ಕ ಸ್ಪೆಕ್ಯುಲಂ ತರಿಸಿ, ನೋವಾದರೆ ಕೂಡಲೇ ಹೇಳಿ ಎಂದು ಮೊದಲೇ ಹೇಳಿ, ದೀಪ ಹಿಡಿದು ನಿಧಾನವಾಗಿ ನೋಡಿದರು. ಹಳದಿ ಬಣ್ಣದ ಪಿಎಚ್ ಕಾಗದದ ತುಂಡೊಂದನ್ನು ಒಳಗೋಡೆಗೆ ತಾಗಿಸಿ ತೆಗೆದಾಗ ಅದು ಹಸಿರಾಗಿತ್ತು. ‘ನೋಡಿ ಅಮ್ಮ, ಇದು ನಿಮ್ಮ ಮನಸ್ಸಿನ ಕಲ್ಪನೆಯಲ್ಲ’ ಎಂದು ನನ್ನ ಕಣ್ಣೆದುರು ಹಿಡಿದು ತೋರಿಸಿದರು. ನನಗೆ ಕಣ್ಣೀರು ಬಂತು. ಬಿಳಿ ಕಲೆಗಳಿಲ್ಲ, ರಕ್ತದ ಸಕ್ಕರೆ ಸರಿಯಿದೆ, ಪ್ಯಾಪ್ ಪರೀಕ್ಷೆಯೂ ಸರಿ ಬಂತು.

ಎಸ್ಟ್ರಿಯೋಲ್ ಕ್ರೀಮ್ ಬರೆದುಕೊಟ್ಟರು. ಮೊದಲ ಮೂರು ರಾತ್ರಿ ಚುರುಚುರು ಉರಿದು ಬಿಟ್ಟುಬಿಡೋಣ ಎನಿಸಿತು. ತೆಳುವಾದ ಚರ್ಮಕ್ಕೆ ಹಾಗಾಗುತ್ತದೆ, ಬಿಡಬೇಡಿ ಎಂದು ಅವರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಸಂಜೆಯ ಉರಿ ಇದ್ದಕ್ಕಿದ್ದಂತೆ ನೆನಪಿಗೇ ಬಾರದಂತಾಯಿತು. ಹತ್ತು ವಾರದಲ್ಲಿ ಒಮ್ಮೆಯೂ ಉರಿಮೂತ್ರವಾಗಿಲ್ಲ. ಕುಕ್ಕರಹಳ್ಳಿ ಕೆರೆಯ ಸುತ್ತ ಯಜಮಾನರ ಜೊತೆ ಒಂದು ಪೂರ್ತಿ ಸುತ್ತು ನಡೆದು ಬರುತ್ತೇನೆ. ಅವರಿಗೂ ಎಲ್ಲವನ್ನೂ ಹೇಳಿದೆ. ನಾನು ಸಿಟ್ಟಾಗಿದ್ದೇನೆಂದು ಅವರು ಒಂದೂವರೆ ವರ್ಷ ತಿಳಿದಿದ್ದರಂತೆ. ಅವಸರವಿಲ್ಲ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ಡಾಕ್ಟರೇ, ಒಂದೇ ಒಂದು ಪ್ರಶ್ನೆ ಉಳಿದಿದೆ. ಬರುವ ತಿಂಗಳು ಹದಿನೈದು ದಿನ ಕಾಶಿಗೆ ಹೋಗುತ್ತಿದ್ದೇವೆ. ರೈಲಿನಲ್ಲಿ ಕ್ರೀಮ್ ಕೆಡುತ್ತದೆಯೇ? ಅಷ್ಟು ದಿನ ನಿಲ್ಲಿಸಬಹುದೇ?

ಮಲೆನಾಡ ವೈದ್ಯೆ, ಶಿವಮೊಗ್ಗ

ನಿಲ್ಲಿಸಬೇಡಿ ಸಂಪಿಗೆಯವರೇ. ವಾರಕ್ಕೆರಡು ರಾತ್ರಿಯಂತೆ ನಾಲ್ಕೈದು ಸಲ ಅಷ್ಟೇ ಆಗುತ್ತದೆ, ಟ್ಯೂಬನ್ನು ಜೊತೆಗೇ ಒಯ್ಯಿರಿ. ಎಷ್ಟು ಬಿಸಿಯವರೆಗೆ ಇಡಬಹುದೆಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಇಡದೆ, ಬಟ್ಟೆಗಳ ನಡುವೆ ಸುತ್ತಿಟ್ಟರೆ ಸಾಕು. ಕ್ರೀಮ್ ಹಾಕಿಕೊಳ್ಳುವ ನಳಿಕೆಯನ್ನು ಪ್ರತಿ ಸಲವೂ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಒಂದು ರಾತ್ರಿ ಮರೆತರೆ ನೆನಪಾದ ರಾತ್ರಿ ಹಚ್ಚಿ, ಎರಡು ಪಾಲು ಒಟ್ಟಿಗೆ ಬೇಡ. ಮತ್ತೆ, ಎಂದಾದರೂ ಒಂದು ಹನಿ ರಕ್ತ ಕಂಡರೂ, ಕಾಶಿಯಲ್ಲಿದ್ದರೂ ಮೈಸೂರಿನಲ್ಲಿದ್ದರೂ, ಕ್ರೀಮಿನಿಂದ ಇರಬಹುದೆಂದು ಸುಮ್ಮನಾಗದೆ ಅದೇ ವಾರ ವೈದ್ಯರಿಗೆ ತೋರಿಸಿ.